ಸಾಲದ ಚರಿತ್ರೆ, ಭಾಗ 4: ಮನೆ ಪತ್ರ ಕೇಳದ ಸಾಲ

ಬಿಕಾಂ ಮುಗಿಸಿ ಎಂಬಿಎ ಮಾಡೋಣ ಅಂತಿರೋ ಗೆಳೆಯರೇ, ಇದನ್ನ ಸೇವ್ ಮಾಡ್ಕೊಳ್ಳಿ.

ಕಳೆದ ವಾರ ಒಂದು ಖಾಸಗಿ ಫೈನಾನ್ಸ್ ಕಂಪನಿಯಿಂದ ನನಗೆ ಫೋನ್ ಬಂತು. "ಎರಡೇ ದಿನದಲ್ಲಿ ಎಜುಕೇಶನ್ ಲೋನ್" ಅಂದ್ರು. ಪಕ್ಕದಲ್ಲೇ ಕೂತಿದ್ದ ಅಪ್ಪ ಕೇಳಿದ್ದು ಒಂದೇ ಮಾತು: "ಮನೆ ಪತ್ರ ಕೇಳ್ತಾರಾ?" ನನ್ನ ಹತ್ರ ಉತ್ತರ ಇರಲಿಲ್ಲ. ಹುಡುಕ್ತಾ ಹೋದಾಗ ಈ ಕಥೆ ಸಿಕ್ತು.

📌 1928, ಉಡುಪಿ
ಸಿಂಡಿಕೇಟ್ ಬ್ಯಾಂಕ್ ಹುಟ್ಟಿ ಮೂರೇ ವರ್ಷ. ಪಿಗ್ಮಿ ಶುರುವಾಯ್ತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬರ್ತಿದ್ರು. ಬಡವರ ಉಳಿತಾಯ ಬ್ಯಾಂಕ್ ಸೇರೋಕೆ ದಾರಿ ಆಯ್ತು. ಆದ್ರೆ ಬ್ಯಾಂಕಿನಿಂದ ಸಾಲ ಬಡವರ ಮನೆಗೆ ಬರೋಕೆ ಇನ್ನೂ ಬಹಳ ವರ್ಷ ಬೇಕಿತ್ತು.

📌 1969, ಜುಲೈ 19
14 ಬ್ಯಾಂಕುಗಳ ರಾಷ್ಟ್ರೀಕರಣ. ನಮ್ಮ ಕರಾವಳಿಯ ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿದ್ವು. ಮುಂದೆ ಕೃಷಿ, ಸಣ್ಣ ಉದ್ಯಮದ ಜೊತೆ ಶಿಕ್ಷಣವೂ ಆದ್ಯತಾ ವಲಯ ಅನ್ನಿಸ್ಕೊಂಡಿತು.

📌 2001
ನಿಜವಾದ ತಿರುವು ಇಲ್ಲಿದೆ. ಬ್ಯಾಂಕುಗಳ ಸಂಘ ಒಂದು ಮಾದರಿ ಶಿಕ್ಷಣ ಸಾಲ ಯೋಜನೆ ಮಾಡ್ತು, ರಿಸರ್ವ್ ಬ್ಯಾಂಕ್ ಅದನ್ನ ಎಲ್ಲಾ ಬ್ಯಾಂಕುಗಳಿಗೆ ಕಳಿಸ್ತು. 4 ಲಕ್ಷದವರೆಗೆ ಆಸ್ತಿ ಅಡ ಇಡೋ ಹಾಗಿಲ್ಲ, ಪೋಷಕರ ಸಹಿ ಸಾಕು. ಓದು ಮುಗಿಯೋವರೆಗೆ ಕಂತು ಇಲ್ಲ. ಆ ಅವಧಿಗೆ ಸರಳ ಬಡ್ಡಿ ಮಾತ್ರ. ಅಂದ್ರೆ ಅಪ್ಪನ ಆಸ್ತಿ ಬಿಟ್ಟು, ನಾಳೆ ನೀವು ದುಡಿಯೋದನ್ನ ನಂಬಿ ಕೊಡೋ ಸಾಲ.

📌 2006ರ ನಂತರ
ಕ್ರೆಡಿಲಾ ತರಹ ಓದಿನ ಸಾಲಕ್ಕೇ ಮೀಸಲಾದ ಖಾಸಗಿ ಕಂಪನಿಗಳು ಬಂದ್ವು. ಇವು ಬ್ಯಾಂಕ್ ಅಲ್ಲ, ಎನ್‌ಬಿಎಫ್‌ಸಿ. ಬ್ಯಾಂಕ್ ತಡ ಮಾಡಿದ ಕಡೆ ಇವು ಬೇಗ ಕೊಟ್ವು, ಅದು ನಿಜವಾದ ಉಪಕಾರ. ಆದ್ರೆ ಮೇಲಿನ ಮಾದರಿ ಯೋಜನೆ ಬ್ಯಾಂಕುಗಳಿಗೆ ಮಾಡಿದ್ದು. ಇಲ್ಲಿ ಷರತ್ತು ಕಂಪನಿಯದ್ದೇ.

ಹಾಗಾಗಿ ಸಹಿ ಹಾಕೋಕೆ ಮುಂಚೆ ಮೂರು ಪ್ರಶ್ನೆ ಕೇಳಿ:

1) ಓದುವಾಗ ಬಡ್ಡಿ ಕಟ್ಟಬೇಕಾ? ಕಟ್ಟದಿದ್ರೆ ಅದು ಸರಳ ಬಡ್ಡಿನಾ, ಚಕ್ರಬಡ್ಡಿನಾ? ಲೆಕ್ಕ ನೋಡಿ: 4 ಲಕ್ಷ, 11%, ಮೂರು ವರ್ಷ. ಸರಳ ಬಡ್ಡಿ 1,32,000. ವರ್ಷಕ್ಕೊಮ್ಮೆ ಚಕ್ರಬಡ್ಡಿ ಆದ್ರೆ 1,47,052. ಮೊದಲ ಕಂತು ಕಟ್ಟೋ ಮುಂಚೆಯೇ 15 ಸಾವಿರ ಜಾಸ್ತಿ!

2) ಕೆಎಫ್‌ಎಸ್ ಕೊಡ್ತೀರಾ? ಸಾಲದ ಮುಖ್ಯ ವಿವರಗಳ ಹಾಳೆ ಇದು. 2024ರ ಅಕ್ಟೋಬರ್ 1ರಿಂದ ಬ್ಯಾಂಕ್, ಎನ್‌ಬಿಎಫ್‌ಸಿ ಇಬ್ಬರೂ ಕೊಡಲೇಬೇಕು. ಅದರಲ್ಲಿ ಎಪಿಆರ್ ನೋಡಿ. ಪ್ರೊಸೆಸಿಂಗ್ ಫೀ ಎಲ್ಲಾ ಸೇರಿ ಸಾಲದ ನಿಜವಾದ ಖರ್ಚು ಅದೇ.

3) ತೆರಿಗೆ ವಿನಾಯಿತಿ ಸಿಗುತ್ತಾ? ಹಳೇ ತೆರಿಗೆ ಪದ್ಧತಿಯಲ್ಲಿ ಕಟ್ಟಿದ ಬಡ್ಡಿಗೆ ವಿನಾಯಿತಿ ಇದೆ, ಆದ್ರೆ ಎಲ್ಲಾ ಎನ್‌ಬಿಎಫ್‌ಸಿ ಸಾಲಕ್ಕೂ ಇಲ್ಲ.

ಆ ಕಂಪನಿಯವರಿಗೆ ವಾಪಸ್ ಫೋನ್ ಮಾಡಿ ಮೊದಲ ಪ್ರಶ್ನೆ ಕೇಳಿದೆ. "ಬ್ರಾಂಚಿಗೆ ಬನ್ನಿ, ಮಾತಾಡೋಣ" ಅಂದ್ರು. ಸೋಮವಾರ ಅಪ್ಪನ ಜೊತೆ ಮೊದಲು ಬ್ಯಾಂಕಿಗೆ ಹೋಗ್ತಿದೀನಿ. ಅಲ್ಲಿ ಆಗದಿದ್ರೆ ಆಮೇಲೆ ಇವರ ಹತ್ರ. ಎಲ್ಲಿಗೆ ಹೋದ್ರೂ ಮನೆ ಪತ್ರ ಮಾತ್ರ ಬೀರುವಲ್ಲೇ ಇರುತ್ತೆ.

ನಿಮ್ಮ ಮನೇಲಿ ಯಾರಾದ್ರೂ ಓದಿಗೆ ಸಾಲ ತಗೊಂಡಿದ್ರೆ, ಏನು ಅಡ ಇಟ್ಟಿದ್ರು ಅಂತ ಕೇಳಿ ನೋಡಿ. ಕಾಮೆಂಟಲ್ಲಿ ಹೇಳಿ.

#ಸಾಲದಚರಿತ್ರೆ #ಬಿಕಾಂಹುಡುಗ್ರು #ಕನ್ನಡದಲ್ಲಿಕಾಮರ್ಸ್