ಪ್ರತಿಕಾಯವೇ ಮುಳುವಾದಾಗ: ಸ್ಕಾಟ್ ಹಾಲ್‌ಸ್ಟೆಡ್ ಅವರ ಡೆಂಗಿ ಸಂಶೋಧನೆಯ ಮರುಪರಿಶೀಲನೆ

ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ತಗುಲಿ ವಾಸಿಯಾದವರಿಗೆ ಅದರ ವಿರುದ್ಧ ದೀರ್ಘಕಾಲದ ರಕ್ಷಣೆ ಸಿಗುತ್ತದೆ. ಉಳಿದ ಮೂರರ ವಿರುದ್ಧ ಸಿಗುವುದು ಅಲ್ಪಕಾಲದ ರಕ್ಷಣೆ ಮಾತ್ರ. ಅದು ಮುಗಿದ ಮೇಲೆ ಏನಾಗುತ್ತದೆ? 1960ರ ದಶಕದಲ್ಲಿ ಬ್ಯಾಂಕಾಕ್‌ನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ವೈದ್ಯವಿಜ್ಞಾನಿ ಸ್ಕಾಟ್ ಹಾಲ್‌ಸ್ಟೆಡ್ ಈ ಪ್ರಶ್ನೆಯ ಬೆನ್ನು ಹತ್ತಿದರು.

ರಕ್ತಸ್ರಾವದ ಡೆಂಗಿಯಿಂದ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಬಹುಪಾಲಿನವರಿಗೆ ಅದು ಎರಡನೆಯ ಸೋಂಕು. ಇಷ್ಟೇ ಆಗಿದ್ದರೆ ಎರಡನೆಯ ಸೋಂಕು ಅಪಾಯಕಾರಿ ಎಂದು ಷರಾ ಬರೆದು ಮುಗಿಸಬಹುದಿತ್ತು. ಆದರೆ ರೋಗಿಗಳಲ್ಲಿ ವರ್ಷ ತುಂಬದ ಕೂಸುಗಳೂ ಇದ್ದವು. ಅವಕ್ಕೆ ಮೊದಲ ಸೋಂಕು, ಆದರೂ ಕಾಯಿಲೆ ಅಷ್ಟೇ ತೀವ್ರ. ತಾಯಂದಿರಿಗೆ ಹಿಂದೆಂದೋ ಬಂದಿದ್ದ ಡೆಂಗಿಯ ಪ್ರತಿಕಾಯಗಳು ಗರ್ಭದಲ್ಲೇ ಮಗುವಿಗೆ ದಾಟಿದ್ದವು. ಮೊದಲ ಕೆಲವು ತಿಂಗಳು ಕಾಯ್ದ ಅವೇ, ಆರನೆಯ ತಿಂಗಳ ಆಸುಪಾಸಿನಲ್ಲಿ ಪ್ರಮಾಣ ಇಳಿದಾಗ ಮುಳುವಾಗುತ್ತಿದ್ದವು. ಹಾಲ್‌ಸ್ಟೆಡ್ ವಾದದ ಜೀವಾಳ ಈ ಕೂಸುಗಳೇ ಎಂಬುದು ನನ್ನ ಅಭಿಪ್ರಾಯ. ಸೋಂಕು ಎಷ್ಟನೆಯದು ಎಂಬುದಕ್ಕಿಂತ ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಎಂಬುದು ನಿರ್ಣಾಯಕವೆಂದು ತೋರಿಸಿಕೊಟ್ಟವು ಅವು.

ಇಳಿದ ಪ್ರತಿಕಾಯ ಮುಳುವಾಗುವುದು ಹೀಗೆ: ವೈರಸ್ಸಿಗೆ ಅಂಟಿಕೊಂಡರೂ ಅದನ್ನು ನಿಷ್ಕ್ರಿಯಗೊಳಿಸಲಾರದ ಪ್ರತಿಕಾಯವನ್ನು ಮೊನೊಸೈಟ್ ಎಂಬ ಬಿಳಿ ರಕ್ತಕಣದ ಗ್ರಾಹಕ ಹಿಡಿದುಕೊಳ್ಳುತ್ತದೆ. ಅದರೊಂದಿಗೆ ಒಳಹೊಕ್ಕ ವೈರಸ್ಸು ಅಲ್ಲೇ ವೃದ್ಧಿಸುತ್ತದೆ.

ಎಲ್ಲರೂ ಒಪ್ಪಲಿಲ್ಲ. ವೈರಸ್ ತಳಿಯ ಉಗ್ರತೆಯೇ ಕಾರಣವೆಂದು ಡೆಂಗಿ ಸಂಶೋಧಕ ಲಿಯಾನ್ ರೋಸೆನ್ ವಾದಿಸಿದರು. ಉತ್ತರ ಬಂದದ್ದು ಕ್ಯೂಬಾದಿಂದ. 1977ರಲ್ಲಿ ಅಲ್ಲಿ ಒಂದನೆಯ ಬಗೆ ಹಬ್ಬಿತು. 1981ರಲ್ಲಿ ಬಂದ ಎರಡನೆಯ ಬಗೆ 158 ಜನರನ್ನು ಬಲಿ ತೆಗೆದುಕೊಂಡಿತು. 1997ರಲ್ಲಿ ಸ್ಯಾಂಟಿಯಾಗೊ ಡಿ ಕ್ಯೂಬಾದಲ್ಲಿ ಎರಡನೆಯ ಬಗೆಯೇ ಮರಳಿದಾಗ ತೀವ್ರ ಕಾಯಿಲೆಗೆ ಬಿದ್ದವರು ವಯಸ್ಕರು. ಮೊದಲ ಪಿಡುಗಿನ ನಂತರ ಹುಟ್ಟಿದ ಮಕ್ಕಳು ಪಾರಾದರು. ಇಪ್ಪತ್ತು ವರ್ಷ ಕಳೆದರೂ ಹಳೆಯ ಸೋಂಕಿನ ನೆರಳು ಸರಿದಿರಲಿಲ್ಲ. ನಿಕರಾಗುವದ ಮಕ್ಕಳ ಅಧ್ಯಯನ (2017) ಇನ್ನೂ ಸೂಕ್ಷ್ಮಕ್ಕೆ ಹೋಗಿ, ಪ್ರತಿಕಾಯದ ಒಂದು ಕಿರಿದಾದ ನಡುಮಟ್ಟದಲ್ಲಷ್ಟೇ ಅಪಾಯ ಅತಿ ಹೆಚ್ಚೆಂದೂ ಅದಕ್ಕಿಂತ ಮೇಲಿದ್ದರೆ ರಕ್ಷಣೆಯೆಂದೂ ತೋರಿಸಿತು.

ಕ್ಯೂಬಾದ ಪಾಠ ಕೈಯಲ್ಲಿದ್ದೂ ಫಿಲಿಪ್ಪೀನ್ಸ್ 2016ರಲ್ಲಿ ಡೆಂಗ್‌ವ್ಯಾಕ್ಸಿಯ ಲಸಿಕೆಯನ್ನು ಶಾಲಾಮಕ್ಕಳಿಗೆ ಹಾಕತೊಡಗಿತು; ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಅದನ್ನು ಪಡೆದರು. ಹಿಂದೆ ಡೆಂಗಿ ತಗುಲಿರದವರಿಗೆ ಲಸಿಕೆಯೇ ಮೊದಲ ಸೋಂಕಿನಂತೆ ವರ್ತಿಸಬಹುದೆಂದು ಹಾಲ್‌ಸ್ಟೆಡ್ ಅದೇ ವರ್ಷ ಎಚ್ಚರಿಸಿದ್ದರು. ಅಂಥವರಲ್ಲಿ ಲಸಿಕೆಯ ನಂತರದ ಸೋಂಕು ತೀವ್ರವಾಗಬಹುದೆಂದು ತಯಾರಕರು 2017ರ ನವೆಂಬರಿನಲ್ಲಿ ಒಪ್ಪಿಕೊಂಡ ಮೇಲೆ ಕಾರ್ಯಕ್ರಮ ನಿಂತಿತು.

ಭಾರತದಲ್ಲಿ ನಾಲ್ಕೂ ಬಗೆಗಳಿವೆ. ಲಸಿಕೆಯ ಪ್ರಯೋಗಗಳೂ ನಡೆದಿವೆ. ಅವುಗಳ ಫಲಿತಾಂಶದಲ್ಲಿ, ಮುಂಚೆ ಸೋಂಕು ತಗುಲಿರದವರ ಅಂಕಿಅಂಶಗಳನ್ನು ಹಲವು ವರ್ಷಗಳ ನಿಗಾದೊಂದಿಗೆ ಪ್ರತ್ಯೇಕವಾಗಿಯೇ ಪ್ರಕಟಿಸಬೇಕು.