ಒಗ್ಗರಣೆಯ ಸಾಸಿವೆ, ಎಣ್ಣೆಯ ಸಾಸಿವೆ



ನಮ್ಮ ಅಡುಗೆಮನೆಯಲ್ಲಿ ಸಾಸಿವೆಗೆ ಕೆಲಸ ಬಹಳ ಕಡಿಮೆ. ಒಗ್ಗರಣೆಯಲ್ಲಿ ಚಟಪಟ ಸಿಡಿಯಬೇಕು, ಹೆಚ್ಚೆಂದರೆ ಉಪ್ಪಿನಕಾಯಿಗೋ ಸಾಸಮೆಗೋ ಅರೆಯಬೇಕು. ಸಾಸಿವೆಯಿಂದ ಎಣ್ಣೆ ತೆಗೆದು ಅದರಲ್ಲೇ ಅಡುಗೆ ಮಾಡುತ್ತಾರೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದದ್ದೇ ಮುಂಬಯಿಗೆ ಬಂದ ಮೇಲೆ. ಪಕ್ಕದ ಮನೆಯ ಬಂಗಾಳಿಗಳು ಮೀನು ಹುರಿದಾಗ ಮೆಟ್ಟಿಲ ತನಕ ಬರುವ ಆ ಘಾಟು ನಿಮಗೂ ಗೊತ್ತಿರಬೇಕು. ಕರಾವಳಿಯವರಿಗೆ ತೆಂಗಿನೆಣ್ಣೆ, ವಿಜಯಪುರ, ಕಲಬುರಗಿ ಕಡೆಯವರಿಗೆ ಕುಸುಬೆ ಎಣ್ಣೆ, ಶೇಂಗಾ ಎಣ್ಣೆ. ಬಿಹಾರ, ಬಂಗಾಳದವರಿಗೆ ಸಾಸಿವೆ ಎಣ್ಣೆ. ಯಾರ ಊರಿನಲ್ಲಿ ಯಾವ ಬೀಜವೋ, ಅವರ ಗಾಣದಲ್ಲಿ ಅದೇ ಎಣ್ಣೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪ ಎಂಬ ಹೆಸರೇ ಇದೆಯಲ್ಲ, ಈ ಕಸುಬು ಅಷ್ಟು ಹಳೆಯದು.

ಸಾಸಿವೆ ಹಿಂಗಾರಿನ ಬೆಳೆ. ಅದಕ್ಕೆ ಚಳಿ ಬೇಕು, ನೀರು ಮಾತ್ರ ಹೆಚ್ಚು ಬೇಡ. ಹೀಗಾಗಿ ಅದು ಉತ್ತರದ ಬಯಲಿನಲ್ಲೇ ನೆಲೆ ನಿಂತಿತು. ಒಂದು ಕಾಲಕ್ಕೆ ಉತ್ತರ ಪ್ರದೇಶವೇ ಇದರಲ್ಲಿ ಮೊದಲು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ಆರಂಭಿಸಿತು. ಒಳ್ಳೆಯ ತಳಿ, ನೀರಾವರಿ, ಬೆಂಬಲ ಬೆಲೆ ಮೂರೂ ಕೂಡಿಬಂದವು. 1985-86ರಲ್ಲಿ ಸುಮಾರು 108 ಲಕ್ಷ ಟನ್ ಇದ್ದ ದೇಶದ ಒಟ್ಟು ಎಣ್ಣೆಕಾಳು ಉತ್ಪಾದನೆ 1996-97ಕ್ಕೆ 243 ಲಕ್ಷ ಟನ್ ದಾಟಿತು. ಇದನ್ನೇ ಹಳದಿ ಕ್ರಾಂತಿ ಎಂದರು. ಈ ಅವಧಿಯಲ್ಲಿ ಸಾಸಿವೆಯ ಮೊದಲ ಸ್ಥಾನ ರಾಜಸ್ಥಾನಕ್ಕೆ ಹೋಯಿತು. 1993ರಲ್ಲಿ ಸಾಸಿವೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರ ಭರತಪುರದ ಬಳಿ ಶುರುವಾದದ್ದು ಸುಮ್ಮನೆ ಅಲ್ಲ. 2023-24ರಲ್ಲಿ ದೇಶದಲ್ಲಿ ಬೆಳೆದ 130 ಲಕ್ಷ ಟನ್‌ಗೂ ಮಿಕ್ಕಿದ ಸಾಸಿವೆಯಲ್ಲಿ ಅರ್ಧಕ್ಕೆ ಹತ್ತಿರದಷ್ಟು ಆ ಒಂದೇ ರಾಜ್ಯದ್ದು.

ಸಾಸಿವೆ ಬೆಳೆಯದ ಮುಂಬಯಿಗೂ ಇದಕ್ಕೂ ಏನು ನಂಟು ಎನ್ನುತ್ತೀರಾ? ಎಣ್ಣೆಕಾಳಿನ ವ್ಯಾಪಾರದಲ್ಲಿ ಈ ಊರು ಹಳೆಯ ಹುಲಿ. 1900ರಲ್ಲಿ ಇಲ್ಲಿನ ಗುಜರಾತಿ ವ್ಯಾಪಾರಿ ಮಂಡಳಿ ಎಣ್ಣೆಕಾಳಿನ ವಾಯಿದಾ ವ್ಯಾಪಾರ ಶುರುಮಾಡಿತು. ಬೆಳೆ ಬರುವ ಮೊದಲೇ ದರ ಗೊತ್ತುಮಾಡುವ ವ್ಯವಹಾರವದು. 1930ರ ದಶಕದಲ್ಲಿ ಶಿವಡಿಯ ಕಾರ್ಖಾನೆಯಿಂದ ಡಾಲ್ಡಾ ಹೊರಟು ದೇಶದ ಮನೆಮನೆ ಸೇರಿತು. 2003ರಲ್ಲಿ ಮುಂಬಯಿಯಲ್ಲೇ ಆರಂಭವಾದ ಎನ್‌ಸಿಡಿಇಎಕ್ಸ್ ವಿನಿಮಯ ಕೇಂದ್ರದಲ್ಲಿ ಸಾಸಿವೆಯ ವಾಯಿದಾ ದರ ಗಣಕಯಂತ್ರದ ಪರದೆಯ ಮೇಲೆ ಓಡತೊಡಗಿತು. ಬೆಲೆ ಏರಿಕೆಯ ಭಯದಿಂದ 2021ರಲ್ಲಿ ಅದಕ್ಕೆ ತಡೆ ಬಿತ್ತು, ಆ ತಡೆಯನ್ನು ಮತ್ತೆ ಮತ್ತೆ ಮುಂದುವರಿಸಿದರು.

ಇನ್ನು ಒಂದು ಕಹಿ ನೆನಪು. 1998ರ ಆಗಸ್ಟ್ ಹೊತ್ತಿಗೆ ದಿಲ್ಲಿಯಲ್ಲಿ ಜನರ ಕಾಲು ಬಾತು, ಉಸಿರಾಟ ಕಷ್ಟವಾಗತೊಡಗಿತು. ಹಳದಿ ಹೂವಿನ ಅರ್ಗೆಮೋನ್ ಎಂಬ ಮುಳ್ಳುಗಿಡದ ಬೀಜ ನೋಡಲು ಸಾಸಿವೆಯಂತೆಯೇ ಇರುತ್ತದೆ. ಅದರ ವಿಷದ ಎಣ್ಣೆ ಸಾಸಿವೆ ಎಣ್ಣೆಗೆ ಬೆರೆತಿತ್ತು. ಅರವತ್ತಕ್ಕೂ ಹೆಚ್ಚು ಜನ ಸತ್ತರು. ಬಿಡಿಯಾಗಿ ಅಳೆದು ಕೊಡುವ ಎಣ್ಣೆಗೆ ನಿಷೇಧ ಬಂತು, ಜನ ಪೊಟ್ಟಣದ ಎಣ್ಣೆಗೆ ತಿರುಗಿದರು. ಬಡವರ ಕೈಗೆಟುಕುತ್ತಿದ್ದ ಸಣ್ಣ ಗಾಣದವನಿಗೆ ಇದರಿಂದ ದೊಡ್ಡ ಪೆಟ್ಟು.

ಅದೇ ದಶಕದಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. 1994ರಲ್ಲಿ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. ಮಲೇಷ್ಯಾ, ಇಂಡೋನೇಷ್ಯಾದ ಅಗ್ಗದ ಎಣ್ಣೆ ಹಡಗಿನಲ್ಲಿ ಬಂತು. ಈಗ ನಾವು ವರ್ಷಕ್ಕೆ ಸುಮಾರು 160 ಲಕ್ಷ ಟನ್ ಎಣ್ಣೆ ತರಿಸುತ್ತೇವೆ. ಆಮದು ಅಗ್ಗವಾದರೆ ಪೇಟೆಯವರಾದ ನಮಗೆ ಲಾಭ, ಬೆಳೆದವನಿಗೆ ನಷ್ಟ. 2023ರ ಸುಗ್ಗಿಯಲ್ಲಿ ಸಾಸಿವೆಯ ಬೆಂಬಲ ಬೆಲೆ ಕ್ವಿಂಟಲಿಗೆ 5,450 ರೂಪಾಯಿ. ಮಂಡಿಯಲ್ಲಿ ದರ ಅದಕ್ಕಿಂತ ಕೆಳಗಿಳಿದಿತ್ತು.

ಇದು ಉತ್ತರದವರ ಸಂಕಟ ಮಾತ್ರ ಅಂದುಕೊಳ್ಳಬೇಡಿ. ಸೂರ್ಯಕಾಂತಿಯಲ್ಲಿ ನಮ್ಮ ಕರ್ನಾಟಕವೇ ದೇಶಕ್ಕೆ ಮುಂದು. 1984ರಲ್ಲಿ ಎಣ್ಣೆಬೀಜ ಬೆಳೆಗಾರರ ಸಹಕಾರ ಮಹಾಮಂಡಳವೂ ಹುಟ್ಟಿತ್ತು. 1997ರಲ್ಲಿ ಬಾಗೇಪಲ್ಲಿ ಕಡೆ ನೆಕ್ರೋಸಿಸ್ ಎಂಬ ನಂಜುರೋಗ ಕಾಣಿಸಿತು, ಜೊತೆಗೆ ಅಗ್ಗದ ಆಮದು. ರೈತರು ಮೆಕ್ಕೆಜೋಳ, ಹತ್ತಿಯ ಕಡೆ ಹೊರಳಿದರು. ಸಾಸಿವೆ ಉಳಿಯಿತು, ಏಕೆಂದರೆ ಅದನ್ನು ತಿನ್ನುವವರು ಆ ಘಾಟನ್ನು ಬಿಡಲಿಲ್ಲ. ನಾವು ಮಾತ್ರ ಕುಸುಬೆ ಎಣ್ಣೆಯನ್ನು ಬಿಟ್ಟೆವು, ಯಾರೂ ಕೇಳದ್ದನ್ನು ರೈತ ಯಾಕೆ ಬೆಳೆದಾನು?

2021ರ ಜೂನ್ 8ರಿಂದ ಸಾಸಿವೆ ಎಣ್ಣೆಗೆ ಬೇರೆ ಎಣ್ಣೆ ಬೆರೆಸುವಂತಿಲ್ಲ. ಮುಂದಿನ ಸಲ ಅಂಗಡಿಗೆ ಹೋದಾಗ ನಿಮ್ಮ ಎಣ್ಣೆಯ ಪೊಟ್ಟಣವನ್ನೂ ತಿರುಗಿಸಿ ಓದಿ. ಅದು ಯಾವ ಬೀಜದ್ದು, ಎಲ್ಲಿಂದ ಬಂದದ್ದು ನೋಡಿ. ನಿಮ್ಮ ಊರಿನ ಗಾಣದ ನೆನಪಿದ್ದರೆ ನಮಗೆ ಬರೆದು ಕಳಿಸಿ.