ದನಿ ಕಳೆದುಕೊಂಡವರ ಬದುಕು: ಒಂದು ಚರಿತ್ರೆ



ಬೆಂಗಳೂರಿನ ಶಿವಾಜಿನಗರದಲ್ಲಿ 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಗೆ ನೀವು ಬೆಳಗಿನ ಹೊತ್ತು ಹೋಗಿದ್ದರೆ, ಅಲ್ಲಿ ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ ಬೀಳುತ್ತದೆ ಎಂಬುದನ್ನು ಬಲ್ಲಿರಿ. ದಖನಿ ಉರ್ದು, ತಮಿಳು, ಕನ್ನಡ, ತೆಲುಗು ಎಲ್ಲವೂ ಬೆರೆತ ಕೂಗಿನಲ್ಲಿ ಹಣ್ಣು, ಹೂವು, ತರಕಾರಿ ಮಾರಾಟವಾಗುತ್ತವೆ. ಬ್ರಿಟಿಷರ ದಂಡಿನ ಪೇಟೆಯಾಗಿ ಬೆಳೆದ ಈ ಪ್ರದೇಶದಲ್ಲಿ ದನಿಯೂ ಒಂದು ಬಂಡವಾಳ. ಮಾರುಕಟ್ಟೆಯಿಂದ ಕೂಗಳತೆಯಲ್ಲಿ, 1868ರಲ್ಲಿ ಆರಂಭವಾದ ಬೌರಿಂಗ್ ಆಸ್ಪತ್ರೆಯಿದೆ. ಕೂಗಳತೆ! ದೂರವನ್ನು ಗಂಟಲಿನಿಂದ ಅಳೆಯುವ ಈ ಪದವನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ.

ಇಂಥ ಪೇಟೆಯ ಒಬ್ಬ ಹಿರಿಯ ವ್ಯಾಪಾರಿಗೆ ಗಂಟಲಿನ ಕ್ಯಾನ್ಸರ್ ಆಯಿತೆಂದು ಊಹಿಸಿಕೊಳ್ಳಿ. ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಹೆಚ್ಚಾಗಿ ಕಾಣುವುದು ಐವತ್ತು ದಾಟಿದವರಲ್ಲಿ. ಬೀಡಿ, ಸಿಗರೇಟು ಅದರ ಮುಖ್ಯ ಕಾರಣಗಳು. ವೈದ್ಯರು ಧ್ವನಿಪೆಟ್ಟಿಗೆಯನ್ನು ಪೂರ್ತಿಯಾಗಿ ತೆಗೆದರು, ರೋಗ ಹೋಯಿತು, ಆತ ಬದುಕಿದ. ವೈದ್ಯಶಾಸ್ತ್ರ ಬಹುಕಾಲ ತನ್ನ ಕಥೆಯನ್ನು ಇಲ್ಲಿಗೇ ಮುಗಿಸುತ್ತಿತ್ತು. ಆತನ ಮನೆಯಲ್ಲಾದರೋ ಕಥೆ ಆಗಷ್ಟೇ ಆರಂಭವಾಗುತ್ತದೆ.

ಈ ಶಸ್ತ್ರಚಿಕಿತ್ಸೆಗೆ ನೂರೈವತ್ತು ವರ್ಷಗಳ ಇತಿಹಾಸವಿದೆ. ಕ್ಯಾನ್ಸರಿಗಾಗಿ ಇಡೀ ಧ್ವನಿಪೆಟ್ಟಿಗೆಯನ್ನು ಮೊದಲು ತೆಗೆದವನು ವಿಯೆನ್ನಾದ ಥಿಯೋಡರ್ ಬಿಲ್ರೋತ್, 1873ರ ಡಿಸೆಂಬರ್ 31ರಂದು. ಗಮನಿಸಬೇಕಾದದ್ದೇನೆಂದರೆ, ಅವನ ಸಹಾಯಕ ಕಾರ್ಲ್ ಗುಸ್ಸೆನ್‌ಬಾವರ್ ಆ ರೋಗಿಗಾಗಿಯೇ ಕಂಪಿಸುವ ನಾಲಗೆಯುಳ್ಳ ಒಂದು ಕೃತಕ ಧ್ವನಿಪೆಟ್ಟಿಗೆಯನ್ನು ತಯಾರಿಸಿದ. ಹಾರ್ಮೋನಿಯಂನೊಳಗಿನ ನಾಲಗೆಯನ್ನು ನೆನಪಿಸಿಕೊಂಡರೆ ನಿಮಗೆ ಅಂದಾಜು ಸಿಗುತ್ತದೆ. ಏರಿಳಿತವಿಲ್ಲದ ಒಂದೇ ಸ್ವರವಾದರೂ ರೋಗಿ ಮಾತನಾಡಿದ. ಕೆಲವೇ ತಿಂಗಳಲ್ಲಿ ರೋಗ ಮರುಕಳಿಸಿ ತೀರಿಕೊಂಡ. ಪ್ರಾಣ ಉಳಿಸುವ ಕೈಯೇ ದನಿಯ ಚಿಂತೆಯನ್ನೂ ಮಾಡಿತ್ತು ಎಂಬುದು ನನಗೆ ಶಸ್ತ್ರಚಿಕಿತ್ಸೆಯಷ್ಟೇ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಮುಂದಿನ ಎಷ್ಟೋ ಮಂದಿ ವೈದ್ಯರು ಆ ಎರಡನೆಯ ಭಾಗವನ್ನು ಮರೆತರು.

ಧ್ವನಿಪೆಟ್ಟಿಗೆ ಹೋದ ಮೇಲೆ ಶ್ವಾಸನಾಳದ ತುದಿಯನ್ನು ಕತ್ತಿನ ಮುಂಭಾಗದಲ್ಲಿ ಒಂದು ರಂಧ್ರವಾಗಿ ತೆರೆಯುತ್ತಾರೆ. ಉಸಿರಾಟವೆಲ್ಲ ಅಲ್ಲಿಂದಲೇ. ಮೂಗಿನಲ್ಲಿ ಗಾಳಿ ಆಡದ ಕಾರಣ ಒಗ್ಗರಣೆಯ ವಾಸನೆಯೂ ಸರಿಯಾಗಿ ತಿಳಿಯದು. ಸ್ನಾನ ಮಾಡುವಾಗ ನೀರು ಒಳಹೋಗದಂತೆ ಎಚ್ಚರ ಬೇಕು. ಕೆಮ್ಮಿದರೆ ಕಫ ಬರುವುದು ಕತ್ತಿನಿಂದ. ಆದುದರಿಂದ ಅನೇಕರು ಮದುವೆ, ಮುಂಜಿಗಳಿಗೆ ಹೋಗುವುದನ್ನೇ ಬಿಡುತ್ತಾರೆ. ಮಾತಿನ ಬದಲು ಬರೆದು ತೋರಿಸಬಹುದಲ್ಲ ಎನ್ನುತ್ತೀರಾ? ಅಕ್ಷರ ಕಲಿಯದ ಹಿರಿಯರಿಗೆ ಸ್ಲೇಟು ಕೊಟ್ಟು ಪ್ರಯೋಜನವೇನು? ಪಿಸುಗುಟ್ಟೋಣವೆಂದರೆ ಎಪ್ಪತ್ತರ ಹೆಂಡತಿಗೆ ಕಿವಿ ಮಂದ. ಮುಪ್ಪಿನಲ್ಲಿ ಒಂದು ಕೊರತೆ ಇನ್ನೊಂದರ ಕೈಹಿಡಿದೇ ಬರುತ್ತದೆ.

ಇದನ್ನೆಲ್ಲ ಅಳೆಯುವುದು ಹೇಗೆ? 1940ರ ದಶಕದ ಕೊನೆಯಲ್ಲಿ ಅಮೆರಿಕದ ಡೇವಿಡ್ ಕಾರ್ನಾಫ್‌ಸ್ಕಿ ಮತ್ತು ಸಂಗಡಿಗರು ಒಂದು ಅಳತೆಗೋಲನ್ನು ಮಾಡಿದರು. ಪೂರ್ಣ ಆರೋಗ್ಯಕ್ಕೆ ನೂರು, ಮರಣಕ್ಕೆ ಸೊನ್ನೆ. ಅಂಕ ಹಾಕುತ್ತಿದ್ದವರು ಮಾತ್ರ ವೈದ್ಯರು. ನಡೆದಾಡುವ, ತನ್ನ ಕೆಲಸ ತಾನು ಮಾಡಿಕೊಳ್ಳುವ ನಮ್ಮ ವ್ಯಾಪಾರಿಗೆ ಅದರಲ್ಲಿ ಒಳ್ಳೆಯ ಅಂಕಗಳೇ ಬಂದಿರುತ್ತಿದ್ದವು. ಆತ ಮೊಮ್ಮಗಳನ್ನು ಹೆಸರು ಹಿಡಿದು ಕರೆಯಲಾರ ಎಂಬುದಕ್ಕೆ ಅಲ್ಲಿ ಕಾಲಂ ಇರಲಿಲ್ಲ.

1981ರಲ್ಲಿ ಬಾರ್ಬರಾ ಮೆಕ್‌ನೀಲ್ ಮತ್ತು ಸಹೋದ್ಯೋಗಿಗಳು ಬೇರೊಂದು ಪ್ರಶ್ನೆ ಕೇಳಿದರು. ಅಗ್ನಿಶಾಮಕ ದಳದವರು, ಕಂಪನಿ ಅಧಿಕಾರಿಗಳು ಸೇರಿ 37 ಮಂದಿ ಆರೋಗ್ಯವಂತರ ಮುಂದೆ ಎರಡು ದಾರಿಗಳನ್ನಿಟ್ಟರು: ಶಸ್ತ್ರಚಿಕಿತ್ಸೆಯಾದರೆ ಬದುಕುವ ಸಂಭವ ಹೆಚ್ಚು, ದನಿ ಹೋಗುತ್ತದೆ; ವಿಕಿರಣ ಚಿಕಿತ್ಸೆಯಾದರೆ ದನಿ ಉಳಿಯಬಹುದು, ಬದುಕುವ ಸಂಭವ ಕಡಿಮೆ. ಸುಮಾರು ಶೇಕಡ 20 ಮಂದಿ ದನಿಯನ್ನೇ ಆರಿಸಿಕೊಂಡರು. ಇವರಾರೂ ರೋಗಿಗಳಲ್ಲ, ನಿಜ. ಸಾವು ಬಾಗಿಲಿಗೆ ಬಂದಾಗ ಮನಸ್ಸು ಬೇರೆಯೇ ಆಗಬಹುದು. ಆದರೂ ಬದುಕಿದರೆ ಸಾಕು ಎಂದು ಎಲ್ಲರ ಪರವಾಗಿ ವೈದ್ಯರೇ ಹೇಳುವಂತಿಲ್ಲ ಎಂಬುದು ಗೊತ್ತಾಯಿತು. ನಮ್ಮ ಮನೆಗಳಲ್ಲಾದರೆ ಈ ಮಾತನ್ನು ಮಕ್ಕಳೇ ಹೇಳಿಬಿಡುತ್ತಾರೆ. ಅಪ್ಪನ ಗಂಟಲಿನ ವಿಚಾರವನ್ನು ಅಪ್ಪನನ್ನು ಹೊರಗೆ ಕೂರಿಸಿ ತೀರ್ಮಾನಿಸುವುದು ನಮಗೆ ಪ್ರೀತಿಯೆಂದೇ ತೋರುತ್ತದೆ.

ಹತ್ತು ವರ್ಷಗಳ ನಂತರ, 1991ರಲ್ಲಿ, ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 332 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಮೊದಲು ಔಷಧಿ, ಬಳಿಕ ವಿಕಿರಣ ಪಡೆದವರೂ ಶಸ್ತ್ರಚಿಕಿತ್ಸೆಯ ಹಾದಿ ಹಿಡಿದವರೂ ಎರಡು ವರ್ಷಗಳ ಕೊನೆಗೆ ಸಮಾನವಾಗಿಯೇ, ಶೇಕಡ 68ರಷ್ಟು, ಬದುಕಿದ್ದರು. ಮೊದಲ ಗುಂಪಿನ ಶೇಕಡ 64 ಮಂದಿಯ ಧ್ವನಿಪೆಟ್ಟಿಗೆಯೂ ಉಳಿದಿತ್ತು. ರೋಗ ಬಹಳ ಮುಂದುವರಿದವರಿಗೆ ಮಾತ್ರ ಇಂದಿಗೂ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ನಮ್ಮ ನಗರಕ್ಕೆ ಬರೋಣ. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಸ್ಥಾಪನೆಯಾಯಿತು. 1982ರಿಂದ ಅಲ್ಲಿ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಮುಂಬಯಿ, ಮದರಾಸುಗಳೊಂದಿಗೆ ದೇಶದಲ್ಲಿ ಈ ರಾಷ್ಟ್ರೀಯ ಕಾರ್ಯಕ್ರಮ ಮೊದಲು ಆರಂಭವಾದ ಊರುಗಳಲ್ಲಿ ನಮ್ಮದೂ ಒಂದು. ಮರಣಗಳ ದಾಖಲೆ ನಮ್ಮಲ್ಲಿ ಪೂರ್ಣವಾಗಿರದ ಕಾರಣ, ರೋಗಿ ಬದುಕಿರುವನೇ ಎಂದು ತಿಳಿಯಲು ಸಿಬ್ಬಂದಿ ಮನೆಮನೆಗೆ ಹೋಗಬೇಕಾಯಿತು. ಎಷ್ಟು ಜನ ಬದುಕಿದರು ಎಂಬ ಲೆಕ್ಕ ಹೀಗೆ ಬಾಗಿಲು ತಟ್ಟಿ ಸಿಕ್ಕಿದ್ದು. ಹೇಗೆ ಬದುಕಿದ್ದಾರೆ ಎಂಬುದಕ್ಕೆ ಬೇರೆ ಪ್ರಶ್ನೆಗಳೇ ಬೇಕಿದ್ದವು. ರೋಗಿಯೇ ಉತ್ತರಿಸುವ ಮೂವತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ಯುರೋಪಿನ ಸಂಶೋಧಕರು 1993ರಲ್ಲಿ ಪ್ರಕಟಿಸಿದರು. ಮುಂದೆ ವೃದ್ಧರಿಗೆಂದೇ ಇನ್ನೂ ಹದಿನಾಲ್ಕು ಪ್ರಶ್ನೆಗಳು ಬಂದವು: ಕೀಲುಗಳ ಬಿಗಿತ, ಮನೆಯವರ ಆಸರೆ, ನಾಳೆಯ ಭಯ, ತಾನಿಲ್ಲದಿದ್ದರೆ ಉಳಿದವರ ಗತಿಯೇನೆಂಬ ಚಿಂತೆ. ನಿಮ್ಮ ಅಜ್ಜಿಯನ್ನು ಮಾತನಾಡಿಸಿದವರು ಬರೆದಂತಿವೆ, ಅಲ್ಲವೇ?

ದನಿಯನ್ನು ಮರಳಿ ತರುವ ದಾರಿಯೂ ಈ ನಡುವೆ ಸುಲಭವಾಗಿತ್ತು. 1980ರ ಸುಮಾರಿಗೆ ಅಮೆರಿಕದ ಎರಿಕ್ ಬ್ಲಾಮ್ ಮತ್ತು ಮಾರ್ಕ್ ಸಿಂಗರ್ ಒಂದು ಪುಟ್ಟ ಸಿಲಿಕೋನ್ ಕವಾಟವನ್ನು ರೂಪಿಸಿದರು. ಅದನ್ನು ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಕೂರಿಸುತ್ತಾರೆ. ಕತ್ತಿನ ರಂಧ್ರವನ್ನು ಬೆರಳಿನಿಂದ ಮುಚ್ಚಿದರೆ ಉಸಿರು ಕವಾಟದ ಮೂಲಕ ಅನ್ನನಾಳಕ್ಕೆ ನುಗ್ಗಿ, ಅಲ್ಲಿನ ಗೋಡೆ ಅದುರಿ ದನಿ ಹೊರಡುತ್ತದೆ. ಗಾಳಿ ನುಂಗಿ ತೇಗಿನಂತೆ ಮಾತನಾಡುವ ಹಳೆಯ ವಿದ್ಯೆ ವಯಸ್ಸಾದವರಿಗೆ ಕಷ್ಟ. ಇದು ಅಷ್ಟು ಕಷ್ಟವಲ್ಲ. ತೊಡಕಿದ್ದುದು ಬೆಲೆಯಲ್ಲಿ. 2015ರ ಸುಮಾರಿಗೆ ಆಮದು ಕವಾಟಕ್ಕೆ 15ರಿಂದ 30 ಸಾವಿರ ರೂಪಾಯಿ ಇತ್ತು. ಅದೂ ಬೂಷ್ಟು ಹಿಡಿದು ಸೋರತೊಡಗುವುದರಿಂದ ಆಗಾಗ ಬದಲಿಸಬೇಕು. ದುಡಿಮೆ ನಿಂತವನು ದನಿಗಾಗಿ ಮತ್ತೆಮತ್ತೆ ಮಕ್ಕಳ ಮುಂದೆ ಕೈಯೊಡ್ಡಬೇಕು, ಕೇಳಲು ದನಿಯೂ ಇಲ್ಲದೆ. ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ತಮ್ಮ ಉದ್ಯಮಿ ಗೆಳೆಯ ಶಶಾಂಕ್ ಮಹೇಶ್ ಅವರೊಡನೆ ರೂಪಿಸಿದ ‘ಓಂ’ ಕವಾಟ 2015ರ ವೇಳೆಗೆ ಸುದ್ದಿಯಾದುದು ಈ ಕಾರಣಕ್ಕೆ. ಅದರ ಬೆಲೆ ಆಗ ಸುಮಾರು 50 ರೂಪಾಯಿ ಎಂದು ಪತ್ರಿಕೆಗಳು ವರದಿ ಮಾಡಿದವು.

ಕವಾಟ ಹಾಕಿಸಿಕೊಂಡವರ ದನಿ ಗೊಗ್ಗರು, ತಗ್ಗು. ಹೆಂಗಸರಿಗೆ ಇದು ಇನ್ನೂ ಮುಜುಗರ. ದೂರವಾಣಿಯಲ್ಲಿ ಅವರನ್ನು ಗಂಡಸೆಂದೇ ತಿಳಿಯುವುದುಂಟು. ಅಂಥವರೊಬ್ಬರು ನಿಮ್ಮ ಮನೆಗೆ ಬಂದರೆ ಟಿ.ವಿ.ಯ ಸದ್ದು ತಗ್ಗಿಸಿ, ಎದುರು ಕುಳಿತು, ಅವರ ವಾಕ್ಯವನ್ನು ನೀವೇ ಮುಗಿಸದೆ ಕೇಳಿರಿ. ಇನ್ನು ಮಾರುಕಟ್ಟೆಯ ನಮ್ಮ ವ್ಯಾಪಾರಿ ಮತ್ತೆ ಅಂಗಡಿಯಲ್ಲಿ ಕುಳಿತರೆ, ದರ ಹೇಳುವಾಗಲೆಲ್ಲ ಒಂದು ಕೈ ಕತ್ತಿನ ಮೇಲಿರಬೇಕು. ತಕ್ಕಡಿಗೆ ಒಂದೇ ಕೈ ಉಳಿಯುತ್ತದೆ. ಬೆರಳಿಡದೆ ಮಾತನಾಡಲು ಬರುವ ಕವಾಟಗಳೂ ಇವೆ. ಅವುಗಳ ಬೆಲೆ ಬೇರೆ.